ಎರೆನೆಲದಲ್ಲಿ ಇಸಾಕನ ಬಾವಿಗಳು

ಗಜೇಂದ್ರಗಡ, ರೋಣ, ನರಗುಂದ ಸುತ್ತಿ ಮಂಗಳೂರಿಗೆ ಮರಳಿದ ಮೇಲೂ ಆ ಮೂರು ಊರುಗಳು ನನ್ನನ್ನು ಬಿಟ್ಟಿಲ್ಲ. ಹೋದದ್ದು ದೊಡ್ಡ ಉದ್ದೇಶಕ್ಕೇನೂ ಅಲ್ಲ. ನನ್ನ ತಂಗಿಯ ಮಗಳು ಬೆಟಗೇರಿಯ ಹುಡುಗನನ್ನು ಮದುವೆಯಾಗಿ ಆ ಕಡೆಯವಳೇ ಆಗಿಬಿಟ್ಟಿದ್ದಾಳೆ. ಗಜೇಂದ್ರಗಡದ ಹತ್ತಿರದ ಹಳ್ಳಿಯೊಂದರ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಕ್ರಿಸ್‌ಮಸ್ ಮುಗಿದ ಮರುದಿನ ಫೋನು ಮಾಡಿ, "ದೊಡ್ಡಮ್ಮಾ, ಶನಿವಾರ ಮಕ್ಕಳನ್ನು ಗುಡ್ಡಕ್ಕೆ ಕರಕೊಂಡು ಹೋಗ್ತೇನೆ, ನೀವೂ ಇರಬೇಕು. ಭಾನುವಾರ ಸಂಜೆ ರೋಣದಲ್ಲಿ ಬೈಬಲ್ ಸ್ಟಡಿ, ಅದನ್ನು ನೀವೇ ನಡೆಸಬೇಕು" ಎಂದಳು. ಮೂವತ್ತು ವರ್ಷಕ್ಕೂ ಮೇಲೆ ಫಿಸಿಕ್ಸ್ ಕಲಿಸಿ ನಿವೃತ್ತಳಾದವಳಿಗೆ ಮಕ್ಕಳ ಜೊತೆ ಗುಡ್ಡ ಹತ್ತುವ ಕರೆ ಬಂದರೆ ಬೇಡ ಅನ್ನಲಾದೀತೇ? ಡಬ್ಬದಲ್ಲಿ ಒಂದಿಷ್ಟು ಕುಸ್ವಾರ್, ನಮ್ಮ ಕ್ರಿಸ್‌ಮಸ್ ತಿಂಡಿ, ತುಂಬಿಕೊಂಡು ಹೊರಟೆ.

ಹುಬ್ಬಳ್ಳಿ ದಾಟಿ ಗದಗಿನ ದಾರಿ ಹಿಡಿದೊಡನೆ ನೆಲ ಬೇರೆಯಾಗುತ್ತದೆ. ನಮ್ಮ ಕಡೆ ನೋಟ ಒಂದು ಫರ್ಲಾಂಗು ಹೋಗುವುದೂ ಕಷ್ಟ. ತೆಂಗು ಅಡ್ಡ ಬರುತ್ತದೆ, ಮುರಕಲ್ಲಿನ ದಿಣ್ಣೆ ಅಡ್ಡ ಬರುತ್ತದೆ, ಇಲ್ಲವೇ ಯಾರದೋ ಮನೆಯ ಕಾಂಪೌಂಡು. ಇಲ್ಲಿ ಕಣ್ಣನ್ನು ತಡೆಯುವುದು ಏನೂ ಇಲ್ಲ. ಕಪ್ಪು ಎರೆಭೂಮಿ, ಅದರ ಮೇಲೆ ತೆನೆ ಹೊತ್ತ ಬಿಳಿಜೋಳ, ನಡುನಡುವೆ ಕಡಲೆ, ಹೊಲದ ಅಂಚಿಗೆ ಕುಸುಬಿಯ ಸಾಲು. ಡಿಸೆಂಬರದ ಬೆಳಿಗ್ಗೆ ಚಳಿ ಚೆನ್ನಾಗಿಯೇ ಇತ್ತು. ಕಡಲೆಯ ಎಲೆಯ ಮೇಲಿನ ಇಬ್ಬನಿ ಮುಟ್ಟಿ ನಾಲಗೆಗೆ ಹಚ್ಚಿದರೆ ಹುಳಿ. ಆ ಗಿಡ ತನ್ನ ಎಲೆಯಿಂದ ಆಮ್ಲ ಸ್ರವಿಸುತ್ತದೆ ಎಂದು ತರಗತಿಯಲ್ಲಿ ಹೇಳಿದ್ದುಂಟು. ನಾಲಗೆಯ ಮೇಲೆ ಇಟ್ಟು ನೋಡಿದ್ದು ಇದೇ ಮೊದಲು.

ಬೆಳೆ ನಿಂತಿತ್ತು, ಆದರೆ ಮಳೆ ನಿಂತು ಎಷ್ಟೋ ದಿನವಾಗಿತ್ತು. ಕರಾವಳಿಯವರ ಕಣ್ಣಿಗೆ ಇದು ಸುಲಭಕ್ಕೆ ನಂಬುವಂಥದ್ದಲ್ಲ. ಹಿಂಗಾರಿ ಜೋಳಕ್ಕೆ ಇಲ್ಲಿ ಯಾರೂ ನೀರು ಹಾಯಿಸುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರದ ಮಳೆಯನ್ನು ಈ ಮಣ್ಣು ಕುಡಿದು ಇಟ್ಟುಕೊಂಡಿರುತ್ತದೆ, ಗಿಡ ಫೆಬ್ರವರಿಯವರೆಗೆ ಅದರಲ್ಲೇ ಬದುಕುತ್ತದೆ. ಎರೆಮಣ್ಣಿನ ಜೇಡಿಕಣಗಳು ಬಹಳ ತೆಳ್ಳಗಿನ ಹಾಳೆಗಳು. ನೀರು ಹಾಳೆಗಳ ನಡುವೆ ಸೇರಿಕೊಂಡಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಬಿರುಕಿಗೆ ಮೇಲುಮಣ್ಣು ಬಿದ್ದು ನೆಲ ತಾನೇ ತನ್ನನ್ನು ಬುಡಮೇಲು ಮಾಡಿಕೊಳ್ಳುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ. ಇಲ್ಲಿ 600ರ ಆಚೀಚೆ. ನಮ್ಮ ಮುರಕಲ್ಲಿನ ನೆಲ ಬಂದ ನೀರನ್ನೆಲ್ಲ ಕಡಲಿಗೆ ಬಿಟ್ಟುಕೊಟ್ಟು ಏಪ್ರಿಲ್‌ನಲ್ಲಿ ಒಣಗಿ ಕೂತಿರುತ್ತದೆ. ಈ ನೆಲ ಸಿಕ್ಕ ಅಷ್ಟನ್ನೇ ಹಿಡಿದಿಟ್ಟು ಒಂದು ಬೆಳೆ ತೆಗೆದುಕೊಡುತ್ತದೆ. ಎರೆಭೂಮಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಬಸ್ಸಿನ ಕಿಟಕಿಯಿಂದಲೇ.

ಗಜೇಂದ್ರಗಡದ ಗುಡ್ಡ ಬಾದಾಮಿಯ ಕಲ್ಲಿನ ಬಳಗದ್ದು, ಕೆಂಪು ಮರಳುಗಲ್ಲು. ಮೇಲೆ ಮರಾಠರ ಕಾಲದ ಕೋಟೆ, ಪಕ್ಕದ ಬಂಡೆಗೋಡೆಗೆ ಆತುಕೊಂಡು ಕಾಲಕಾಲೇಶ್ವರನ ಗುಡಿ, ಸುತ್ತಲ ದಿಬ್ಬಗಳ ಮೇಲೆ ಗಾಳಿಯಂತ್ರಗಳು. 1787ರಲ್ಲಿ ಮರಾಠರು, ನಿಜಾಮ, ಟಿಪ್ಪು ಒಪ್ಪಂದ ಮಾಡಿಕೊಂಡ ಊರು ಇದೇ. ನಮ್ಮ ಮಕ್ಕಳಿಗೆ ಆ ದಿನ ಒಪ್ಪಂದದ ಗೊಡವೆ ಇರಲಿಲ್ಲ. ಅವರ ಚೀಲದಲ್ಲಿ ಬುತ್ತಿ, ಒಂದು ಮೀಟರಿನ ಬಿದಿರು ಕೋಲು, ಅಳತೆ ಪಟ್ಟಿ, ದಾರ, ಭೂತಗನ್ನಡಿ.

ಕೋಲಿನ ಕೆಲಸ ದೊಡ್ಡದಿತ್ತು. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎರಡು ಊರಿನ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದನಲ್ಲ, ಅದನ್ನೇ ಮಾಡಬೇಕೆಂದು ತಂಗಿಯ ಮಗಳ ಹಟ. ನಾನು ಮೊದಲೇ ಮಂಗಳೂರಿನ ನನ್ನ ಹಳೆಯ ಶಾಲೆಯ ಗೆಳತಿಗೆ ಹೇಳಿಟ್ಟಿದ್ದೆ. ಅಲ್ಲಿ ಅಂಗಳದಲ್ಲಿ ಅವಳ ಮಕ್ಕಳು, ಇಲ್ಲಿ ಗುಡ್ಡದ ಮೇಲೆ ಇವರು. ಹನ್ನೆರಡೂವರೆಯ ಸುಮಾರಿಗೆ ನೆರಳು ಅತಿ ಗಿಡ್ಡ ಆಗುವ ಹೊತ್ತು. ಒಬ್ಬ ಹುಡುಗ ದಾರಕ್ಕೆ ಕಲ್ಲು ಕಟ್ಟಿ ಕೋಲು ನೆಟ್ಟಗಿದೆಯೇ ಎಂದು ನೋಡುತ್ತಿದ್ದ, ಇನ್ನೊಬ್ಬಳು ಬೂದಿಯಲ್ಲಿ ಗುರುತು ಹಾಕುತ್ತಿದ್ದಳು. ಹಿಂದಿನ ಗುರುತಿಗಿಂತ ಹೊಸ ಗುರುತು ಉದ್ದವಾದ ಕ್ಷಣ ಎಲ್ಲರೂ ಒಟ್ಟಿಗೆ ಕೂಗಿದರು. 81 ಸೆಂಟಿಮೀಟರ್. ಮಂಗಳೂರಿನಿಂದ ಫೋನು ಬಂತು, 73.5. ಅಲ್ಲಿಗೆ ಸೂರ್ಯನ ಎತ್ತರದಲ್ಲಿ 2.7 ಡಿಗ್ರಿ ವ್ಯತ್ಯಾಸ. ಎರಡು ಊರಿನ ನಡುವೆ ಉತ್ತರ ದಕ್ಷಿಣವಾಗಿ 310 ಕಿಲೋಮೀಟರ್ ಎಂದು ನಕಾಶೆಯಲ್ಲಿ ಅಳೆದಿದ್ದರು. ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದರು, ಭಾಗಿಸಿದರು. 41,000 ಚಿಲ್ಲರೆ ಬಂತು. ಭೂಮಿಯ ಸುತ್ತಳತೆ 40,000ದ ಆಚೀಚೆ. ಒಂದು ಬಿದಿರು ಕೋಲಿಗೆ ಇಷ್ಟು ಸಾಕು. ಲೆಕ್ಕ ಮಾಡಿದ ಹುಡುಗ ಗುಣಾಕಾರವನ್ನು ಇನ್ನೊಮ್ಮೆ ಮಾಡಿ ನೋಡಿದ, ನಂಬಿಕೆಯಾದ ಮೇಲೆ ಅದರ ಕೆಳಗೆ ಎರಡು ಗೀಟು ಎಳೆದ. ಪುಸ್ತಕದ ಚಿತ್ರವಾಗಿದ್ದ ಭೂಮಿ ಅವನಿಗೆ ಆಗ ಕೈಗೆ ಸಿಕ್ಕ ವಸ್ತುವಾಯಿತು. ಶಿಕ್ಷಕ ವೃತ್ತಿಯಲ್ಲಿ ಇಂಥ ಹೊತ್ತು ದಿನಾ ಬರುವುದಿಲ್ಲ.

ಗಾಳಿಯಂತ್ರದ ಬಗ್ಗೆಯೂ ಪಾಠ ಆಗಬೇಕಿತ್ತು. ಒಬ್ಬ ಹುಡುಗ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದ. "ಇವು ಹಗಲಿ ರಾತ್ರಿ ತಿರಗತಾವ್ರಿ, ನಾವು ಓದಾಕ ಕುಂತಾಗ ಕರೆಂಟ್ ಹೋಗಿರತೈತಿ." ಗ್ರಿಡ್ ಎಂದರೇನು ಎಂದು ಮಗಳು ವಿವರಿಸಿದಳು. ಅವನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ, ಒಪ್ಪಬೇಕಾದ್ದೂ ಇಲ್ಲ.

ಇಳಿಯುವಾಗ ಒಂದು ಹುಡುಗಿ ಬಂಡೆಯ ಹಾಸಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಅಂಗೈಯಗಲದ ಜಾಗದಲ್ಲಿ ಸಾಲುಸಾಲು ಏರು ತಗ್ಗು. ಬೆರಳು ಆ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿತ್ತು. "ಅಕ್ಕೋರ, ಇದು ಹಳ್ಳದಾಗಿನ ಉಸುಕಿನಂಗ ಐತಲ್ರೀ." ಮಗಳು ಅವಳ ಪಕ್ಕದಲ್ಲೇ ಕೂತಳು. "ಉಸುಕ ಅದು. ನೀರು ಹರದು ಹೋದ ಗುರುತು. ಆಗ ನೆಲದ ಮ್ಯಾಲ ಒಂದು ಹುಲ್ಲಿನ ಎಸಳೂ ಇರಲಿಲ್ಲ." ಹುಡುಗಿ ಸ್ವಲ್ಪ ಹೊತ್ತು ಬೆರಳು ಆಡಿಸುತ್ತಲೇ ಇದ್ದಳು. ಆಮೇಲೆ ಕೇಳಿದಳು. "ಹಂಗಾದ್ರ ಆ ನೀರು ಎಲ್ಲಿ ಹೋತ್ರಿ?"

ಅಡಿಯಲ್ಲಿ ಕಾಲಕಾಲೇಶ್ವರನ ಹತ್ತಿರ ಅಂತರಗಂಗೆ ಇದೆ. ಮರದ ಬೇರಿನ ಎಡೆಯಿಂದ, ಕಲ್ಲಿನ ಸಂದಿಯಿಂದ ನೀರು ಸದಾ ಜಿನುಗುತ್ತಿರುತ್ತದೆ. ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ದಾಟಲಾಗದ ಪದರಕ್ಕೆ ಬಂದು ಪಕ್ಕಕ್ಕೆ ಹೊರಟಾಗ ಇಂಥ ಒರತೆಗಳು ಹುಟ್ಟುತ್ತವೆ. ಮಕ್ಕಳು ಬೊಗಸೆ ಹಿಡಿದು ಕುಡಿದರು. ಆ ಹುಡುಗಿಗೆ ಮಗಳು ಹೇಳಿದ ಉತ್ತರ ಸರಿಯಾಗಿಯೇ ಇತ್ತು. ನೀರು ಎಲ್ಲಿಯೂ ಹೋಗಿಲ್ಲ, ಕಡಲು, ಮೋಡ, ಮಳೆ, ಒರತೆ ಎಂದು ಸುತ್ತುತ್ತಲೇ ಇದೆ. ಮಗುವಿಗೆ ಬೇಕಾಗಿದ್ದ ಉತ್ತರ ಅದಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಸುತ್ತುವ ನೀರು ತನ್ನ ಹೊಲದ ಮೇಲೆ ಏಕೆ ಹಾಯುವುದಿಲ್ಲ ಎಂಬುದು ಅವಳ ಪ್ರಶ್ನೆ.

ಬುತ್ತಿ ಬಿಚ್ಚಿದಾಗ ಪ್ರತಿ ಮಗುವೂ ನನ್ನ ಮುಂದೆ ಒಂದೊಂದು ಚೂರು ಇಟ್ಟಿತು. ಕಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹಸಿ ಹಕ್ಕರಕಿ ಸೊಪ್ಪು. ಸೊಪ್ಪನ್ನು ಬೇಯಿಸದೆ ಹಾಗೇ ರೊಟ್ಟಿಯ ಜೊತೆ ಕಚ್ಚುವುದು ನನಗೆ ಹೊಸದು. ನಮ್ಮಲ್ಲಿ ಎಲ್ಲವೂ ತೆಂಗಿನಕಾಯಿಯಲ್ಲಿ ಮುಳುಗಿ ಬರುತ್ತದೆ. ಇಲ್ಲಿ ಪ್ರತಿಯೊಂದಕ್ಕೂ ಅದರದೇ ರುಚಿ ಉಳಿದಿರುತ್ತದೆ.

ಸಂಜೆ ಊರೊಳಗೆ ನೇಕಾರರ ಓಣಿಗೂ ಹೋಗಿದ್ದೆವು. ಕುಣಿಮಗ್ಗದಲ್ಲಿ ಕೂತು ಒಬ್ಬ ಹಿರಿಯರು ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದರು. ದಪ್ಪ ನೂಲು, ಮೈಗೆ ಚೌಕಳಿ, ಅಂಚು ಅಗಲ, ಎರಡೂ ಬದಿಗೆ ಉಡಬಹುದು. ಒಂದು ಕೊಂಡೆ, ಈ ಬರಹ ಮಾಡುವಾಗ ಅದೇ ಉಟ್ಟಿದ್ದೇನೆ.

ಮರುದಿನ ರೋಣದ ದಾರಿಯಲ್ಲಿ ಸೂಡಿಯಲ್ಲಿ ಇಳಿದೆವು. ಚಾಲುಕ್ಯ ಅರಸುಮನೆತನದ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಆಳಿದ ಊರು. ಜೋಡುಕಳಸದ ಗುಡಿಯನ್ನು ಎಲ್ಲರೂ ಹೇಳುತ್ತಾರೆ. ನಾನು ಹೆಚ್ಚು ಹೊತ್ತು ನಿಂತದ್ದು ನಾಗಕುಂಡದ ಮೆಟ್ಟಿಲ ಮೇಲೆ. ನೀರಿಗೆ ಇಳಿಯುವ ಗೋಡೆಗೆ ದೇವರ ಗೋಡೆಯಷ್ಟೇ ಕೆತ್ತನೆ ಮಾಡಿದ್ದಾರೆ. ಬಿಂದಿಗೆ ಹಿಡಿದು ಇಳಿಯುವ ಹೆಂಗಸು ದಿನಾ ನೋಡಲಿ ಎಂದು ಸಾವಿರ ವರ್ಷದ ಹಿಂದೆ ಶಿಲ್ಪಿಗಳು ಆ ಪುಟ್ಟ ಶಿಖರಗಳನ್ನು ಕಡೆದರೋ ಏನೋ. ನೀರಿಗೆ ಈ ಸೀಮೆ ಯಾವತ್ತೂ ಕೊಟ್ಟ ಮರ್ಯಾದೆ ಅದು. ಸಂಜೆ ನಡೆಸಬೇಕಾದ ಬೈಬಲ್ ಪಾಠ ಯಾವುದೆಂದು ಅಲ್ಲಿಯವರೆಗೆ ನಿರ್ಧಾರ ಮಾಡಿರಲಿಲ್ಲ. ಆ ಮೆಟ್ಟಿಲ ಮೇಲೆ ಆದಿಕಾಂಡದ 26ನೇ ಅಧ್ಯಾಯ ಮನಸ್ಸಿಗೆ ಬಂತು, ಇಸಾಕನ ಬಾವಿಗಳ ಕಥೆ.

ರೋಣದಲ್ಲಿ ಬೈಬಲ್ ಸ್ಟಡಿ ಇದ್ದ ಮನೆಯ ಬಾಗಿಲಲ್ಲಿ ಕ್ರಿಸ್‌ಮಸ್ ನಕ್ಷತ್ರ ಇನ್ನೂ ತೂಗುತ್ತಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರ ಮಾಡಿದರು. ಹಾಗಾಗಿ ನಮ್ಮ ಸಭೆಗಳು ದಾಯಾದಿಗಳು. ಹಾಡುವ ರಾಗವೂ ಒಂದೇ, ಎಳೆಯುವ ಧಾಟಿ ಮಾತ್ರ ಅಲ್ಲಿ ನಿಧಾನ. ಮನೆಯ ಯಜಮಾನಿತಿಯ ಮುತ್ತಜ್ಜ ಬರಗಾಲದ ವರ್ಷ ಅನ್ನ ಹುಡುಕಿ ಬೆಟಗೇರಿಗೆ ಬಂದವರಂತೆ. ಕೂಡಿದ್ದವರು ಕೆಲವೇ ಮಂದಿ. ನರ್ಸು ಒಬ್ಬರು, ಶಾಲೆಯ ಮಾಸ್ತರ ದಂಪತಿ, ಹೊಳೆಆಲೂರ ಕಡೆ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ನರಗುಂದ ತಾಲೂಕಿನಲ್ಲಿ ಕಾಲುವೆಯ ಕಡೇ ತುದಿಗೆ ನಾಲ್ಕೆಕರೆ ಇರುವ ರೈತರು. ಅವರ ಜೊತೆ ಬಂದ ಪಕ್ಕದ ಹೊಲದ ಲಿಂಗಾಯತ ಗೆಳೆಯರು "ನಾನೂ ಕುಂದರತೀನ್ರಿ, ನೀರಿನ ಸುದ್ದಿ ಅಂದ್ರಲ್ಲ" ಎಂದು ಚಾಪೆಯ ಮೇಲೆ ಕೂತರು.

ಅಧ್ಯಾಯ ಓದಿದೆವು. ಬರದ ವರ್ಷ ಗೆರಾರಿನಲ್ಲಿ ಇಸಾಕ ಬಿತ್ತಿದ, ನೂರರಷ್ಟು ಬೆಳೆದ ಎಂಬ ಕಡೆ ಬಂದಾಗ ಪವಾಡದ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ರೈತರು ಲೆಕ್ಕ ಹಾಕಿ ಮುಗಿಸಿದ್ದರು. "ಎಕರೆಗೆ ಮೂರು ಕಿಲೋ ಜೋಳ ಬಿತ್ತತೀವ್ರಿ. ಮಳಿ ಚಲೋ ಆತಂದ್ರ ಮೂರು ನಾಕು ಕ್ವಿಂಟಲ್ ಬರತೈತಿ. ನೂರರಷ್ಟು ನಮಗೂ ಬೆಳದೈತ್ರಿ." ಗೆಳೆಯರು ತಲೆಯಾಡಿಸಿದರು. ಆಮೇಲೆ ಆ ಕಥೆ ನನ್ನ ಕೈಯಲ್ಲಿ ಉಳಿಯಲಿಲ್ಲ, ಅವರದಾಯಿತು. ಅಬ್ರಹಾಮ ತೋಡಿಸಿದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದನ್ನು ಓದಿದಾಗ ರೈಲ್ವೆಯವರು ನಿಟ್ಟುಸಿರು ಬಿಟ್ಟರು. ಕುಡಿಯುವ ನೀರಿಗೆ ಮಣ್ಣು ಹಾಕುವಷ್ಟು ಹೊಟ್ಟೆಕಿಚ್ಚು ಹೇಗೆ ಬರುತ್ತದೆಂದು ಆ ಸೀಮೆಯವರಿಗೆ ಯಾರೂ ವ್ಯಾಖ್ಯಾನ ಮಾಡಿ ಹೇಳಬೇಕಾಗಿಲ್ಲ.

ಇಸಾಕ ಬಾವಿ ತೋಡಿಸುತ್ತಾನೆ, ಕುರುಬರು ನೀರು ತಮ್ಮದೆಂದು ಜಗಳಕ್ಕೆ ಬರುತ್ತಾರೆ, ಬಿಟ್ಟುಕೊಟ್ಟು ಮುಂದೆ ಹೋಗುತ್ತಾನೆ. ಇನ್ನೊಂದು ಬಾವಿ, ಮತ್ತೆ ಜಗಳ, ಮತ್ತೆ ಮುಂದೆ. ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಈ ಸೈರಣೆಯನ್ನು ನಾವು ಕರಾವಳಿಯ ಸಭೆಗಳಲ್ಲಿ ಬಹಳ ಹೊಗಳುತ್ತೇವೆ, ನಾನೂ ಹೊಗಳಿದೆ. ರೈತರು ಕೇಳಿಸಿಕೊಂಡು, ಬಹಳ ಮೆತ್ತಗೆ ಹೇಳಿದರು.

"ಇಸಾಕ ಸರದು ಹೋದ್ನಿರಿ. ಅವನ ಮುಂದ ಖಾಲಿ ನೆಲ ಇತ್ತು. ನಾವು ಎಲ್ಲಿಗೆ ಸರೀಬೇಕ್ರಿ?"

ಯಾರೂ ಮಾತಾಡಲಿಲ್ಲ. ಒಳಗಿನಿಂದ ಚಹಾ ತರುತ್ತಿದ್ದ ಹೆಂಗಸು ಬಾಗಿಲಲ್ಲೇ ನಿಂತು, "ಸರದೀವಲ್ಲ. ನನ್ನ ತಮ್ಮ ಗೋವಾಕ್ಕ, ನನ್ನ ಮಗ ಇವರ ಮಂಗಳೂರಿಗೆ" ಎಂದರು.

ನಾನು ಹೇಳಬೇಕಾದ್ದು ಇತ್ತು, ಹೇಳಿದೆ. ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ಒಯ್ಯಬಾರದು, ನೇತ್ರಾವತಿಯನ್ನು ಬತ್ತಿಸಬಾರದು ಎಂದು ಮಂಗಳೂರಿನಲ್ಲಿ ನಡೆದ ಮೆರವಣಿಗೆಯಲ್ಲಿ ನಾನು ಫಲಕ ಹಿಡಿದು ನಡೆದಿದ್ದೇನೆ. ಆ ಯೋಜನೆ 24.01 ಟಿಎಂಸಿ ನೀರಿನದು, 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಮಳೆಕಾಡಿನ ತೊರೆಗಳಲ್ಲಿ ಅಷ್ಟು ನೀರಿಲ್ಲ ಎಂದು ಲೆಕ್ಕ ಬಲ್ಲವರು ಹೇಳಿದ್ದನ್ನು ನಾನು ಈಗಲೂ ನಂಬುತ್ತೇನೆ. ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ದಿನ ಬಿಟ್ಟು ದಿನ ನೀರು ಬಿಡುವುದನ್ನು ಕಂಡಿದ್ದೇನೆ. ಅಂಥವಳು, ಮಹಾದಾಯಿಯ ನೀರು ಪೂರ್ವಕ್ಕೆ ಬರಲಿ ಎಂದು 2015ರಿಂದ ನರಗುಂದದಲ್ಲಿ ಧರಣಿ ಕೂತವರ ನಡುವೆ ಬೈಬಲ್ ತೆರೆದು ಕೂತಿದ್ದೆ.

ಯಾರಿಗೂ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ರೈತರು, "ನಿಮ್ಮ ನದಿ ಒಣಗಲಿ ಅಂತ ಯಾರಂತಾರ್ರಿ? ಬ್ಯಾಸಗ್ಯಾಗ ಅಲ್ಲೂ ಕೊರತಿ ಐತಂತ ಈಕಿ ಮಗಾನ ಹೇಳ್ತಾನ" ಎಂದರು. ಲಿಂಗಾಯತ ಗೆಳೆಯರು ಮಾತ್ರ ಪುಸ್ತಕದ ಕಡೆ ಬೆರಳು ತೋರಿಸಿ, "ಕಥಿ ಮುಗೀತೇನ್ರಿ? ಮುಂದ ಏನಾತು?" ಎಂದು ಕೇಳಿದರು. ಮುಂದೆ ಓದಿದೆವು. ಹೊರಗೆ ಹೋಗೆಂದ ಅರಸ ಅಬೀಮೆಲೆಕನೇ ಇಸಾಕನನ್ನು ಹುಡುಕಿಕೊಂಡು ಬರುತ್ತಾನೆ. ಇಸಾಕ ಅವನಿಗೆ ಔತಣ ಮಾಡಿಸುತ್ತಾನೆ, ಉಂಡು ಕುಡಿಯುತ್ತಾರೆ, ಬೆಳಿಗ್ಗೆ ಎದ್ದು ಪ್ರಮಾಣ ಮಾಡಿಕೊಳ್ಳುತ್ತಾರೆ. ಅದೇ ದಿನ ಆಳುಗಳು ಬಂದು ನೀರು ಸಿಕ್ಕಿತೆಂದು ಹೇಳುತ್ತಾರೆ. ಇಷ್ಟು ವರ್ಷ ಈ ಅಧ್ಯಾಯ ಓದಿದ್ದೇನೆ, ಮೂರನೇ ಬಾವಿಗೇ ನಿಲ್ಲಿಸುವುದು ನಮ್ಮ ವಾಡಿಕೆ. ಊಟ ಮೊದಲು, ಮಾತು ಆಮೇಲೆ, ನೀರು ಕೊನೆಗೆ ಎಂಬ ಕ್ರಮವನ್ನು ನನಗೆ ತೋರಿಸಿಕೊಟ್ಟವರು ಆ ರಾತ್ರಿ ಮೊದಲ ಸಲ ಆ ಪುಟ ಕೇಳಿದವರು.

ಮರುದಿನ ಎಳ್ಳಮಾಸ್ಯೆ. ಹೊಲಕ್ಕೆ ಚರಗ ಚೆಲ್ಲಲು ಆ ಗೆಳೆಯರ ಮನೆಯವರು ಎಲ್ಲರನ್ನೂ ಕರೆದಿದ್ದರು. ನೆಲತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ಭಾವನೆ. ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಬುಟ್ಟಿಯ ಅಡಿಗೆಯನ್ನು ಬೆಳೆಯ ಸಾಲಿನಲ್ಲಿ ಎರಚುತ್ತ ಹೊಲ ಸುತ್ತಿದರು. ನಮ್ಮ ಮನೆಯವರು ಪೂಜೆಯ ಹೊತ್ತಿಗೆ ದೂರ ನಿಂತು, ಊಟದ ಹೊತ್ತಿಗೆ ಎಲ್ಲರ ನಡುವೆ ಕೂತರು. ಇದು ಎಷ್ಟೋ ಕಾಲದಿಂದ ನಡೆದುಬಂದ ರೀತಿ, ಇಬ್ಬರಿಗೂ ಇದರಲ್ಲಿ ಮುಜುಗರ ಕಾಣಲಿಲ್ಲ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಬಾನದ ಮೇಲೆ ಗಟ್ಟಿ ಮೊಸರು. ನನ್ನ ಕುಸ್ವಾರ್ ಡಬ್ಬವೂ ಕೈಯಿಂದ ಕೈಗೆ ಹೋಗಿ ಖಾಲಿಯಾಯಿತು. ಹೊಲದೊಡೆಯರ ತಾಯಿ ನೆವ್ರಿಯೊಂದನ್ನು ಮುರಿದು, ಒಳಗಿನ ಹೂರಣ ನೋಡಿ, "ಇದು ನಮ್ಮ ಕರಚೀಕಾಯಿನ ಅಲ್ಲೇನ ಯವ್ವಾ" ಎಂದರು.

ಮಧ್ಯಾಹ್ನ ರೈತರು ನನ್ನನ್ನು ನರಗುಂದಕ್ಕೆ ಕರೆದೊಯ್ದರು. ಬಯಲಿನಲ್ಲಿ ಒಂಟಿಯಾಗಿ ಎದ್ದ ಗುಡ್ಡ, ಮೇಲೆ ಹಳೆಯ ಕೋಟೆ. ಇಲ್ಲಿನ ಅರಸ ಬಾಬಾಸಾಹೇಬ 1858ರಲ್ಲಿ ಕಂಪನಿಗೆ ತಿರುಗಿಬಿದ್ದು, ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನ್ನು ಕೊಲ್ಲಿಸಿ, ಅದೇ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ. ಶಾಲೆಯಲ್ಲಿ ಕಲಿತದ್ದು ಅಷ್ಟು. ರೈತರ ಮಾತೆಲ್ಲ 1980ರದು. ಆ ವರ್ಷ ಅವರು ಹುಡುಗರು, ನಾನೂ ಶಾಲೆಯಲ್ಲಿದ್ದೆ.

ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣ. ನೆರಳಿನ ಹಾದಿ ಕಾರವಾರದ ಕಡೆಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರು ಹಾದು ಹೋಯಿತು. ಖಗೋಳ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ದುರ್ಬೀನು ಹೂಡಿ ಕಾದಿದ್ದರು. ಮಂಗಳೂರಿನಲ್ಲಿ ನಮಗೆ ಸಿಕ್ಕಿದ್ದು ಅರೆಗ್ರಹಣ, ಹೊಗೆ ಹಿಡಿಸಿದ ಗಾಜಿನಲ್ಲಿ. ಇವರು ಪೂರ್ತಿ ಕತ್ತಲೆಯ ದಾರಿಯಲ್ಲೇ ಇದ್ದರು. ಮನೆಯಲ್ಲಿ ಕದ ಹಾಕಿ ಕೂರಿಸಿದ್ದರಂತೆ. ಮೇಯಲು ಹೋದ ದನ ಸಂಜೆಯಾಯಿತೆಂದು ತಾವಾಗಿ ಕೊಟ್ಟಿಗೆಗೆ ಬಂದ ಸದ್ದು ಕೇಳಿ ಇವರು ಕಿಟಕಿಯ ಸಂದಿಯಿಂದ ನೋಡಿದರು. "ಅಂಗಳದಾಗ ಚಿಕ್ಕಿ ಕಂಡ್ವಿರಿ, ಮೂರೂವರಿ ದಾಟಿತ್ತು ಅಷ್ಟ."

ಐದು ತಿಂಗಳು ಕಳೆದು ಜುಲೈ 21. ಮಲಪ್ರಭೆಯ ಕಾಲುವೆ ಬಂತೆಂದು ಸರಕಾರ ರೈತರ ಮೇಲೆ ಅಭಿವೃದ್ಧಿ ಕರ ಹಾಕಿತ್ತು. ನೀರು ಕಾಣದ ಹೊಲಕ್ಕೂ ಕರ ಬಂದಿತ್ತು. ತಹಶೀಲ್ದಾರ ಕಚೇರಿಯ ಮುಂದೆ ಸೇರಿದ ಜನರ ಮೇಲೆ ಗೋಲಿಬಾರು ನಡೆದು ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ರಾಜ್ಯದ ರೈತ ಚಳವಳಿ ದೊಡ್ಡದಾಗಿ ಎದ್ದದ್ದು ಆ ದಿನದಿಂದ. ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮರ ಸ್ಮಾರಕಕ್ಕೆ ರೈತರು ಹಸಿರು ಶಾಲು ಹೊದ್ದು ಬರುತ್ತಾರೆ. ಸ್ಮಾರಕದ ಮುಂದೆ ಇವರು ಚಪ್ಪಲಿ ಬಿಟ್ಟು ನಿಂತರು, ನಾನೂ ಬಿಟ್ಟೆ. ಸತ್ತ ಪೊಲೀಸರ ಹೆಸರು ಎಲ್ಲಿಯಾದರೂ ಬರೆದಿದೆಯೇ ಎಂದು ಕೇಳಬೇಕೆನ್ನಿಸಿತು. ಕೇಳುವ ಮೊದಲೇ ಅವರು, "ಅವರೂ ಯಾರ್ದೋ ಮಕ್ಕಳ ಇದ್ರಿರಿ, ಹೊಟ್ಟಿಪಾಡಿಗೆ ಬಂದವರು" ಎಂದರು.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ಮಹಾದಾಯಿಯೂ ಅದೇ ಖಾನಾಪುರದ ಕಾಡಿನದು. ಒಂದು ಪೂರ್ವಕ್ಕೆ ಇಳಿದು ಈ ಎರೆಭೂಮಿಗೆ ಬರುತ್ತದೆ, ಇನ್ನೊಂದು ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡವಿಯಾಗುತ್ತದೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ಮಲಪ್ರಭೆಗೆ ತಿರುಗಿಸಬಹುದೆಂದಿತು. ಅಂಕಿಗಳು ರೈತರ ನಾಲಗೆಯ ತುದಿಯಲ್ಲಿವೆ, ನನ್ನ ವಿದ್ಯಾರ್ಥಿಗಳು ಸೂತ್ರ ಒಪ್ಪಿಸಿದ್ದಕ್ಕಿಂತ ಸ್ಪಷ್ಟವಾಗಿ. ನೀರು ಇನ್ನೂ ಬಂದಿಲ್ಲ. ಕಾಡಿನ ಒಪ್ಪಿಗೆ, ವನ್ಯಜೀವಿಗಳ ಒಪ್ಪಿಗೆ, ಗೋವಾದ ತಕರಾರು. ಗೋವಾದವರು ಹೇಳುವ ಮಾತುಗಳು ನನಗೆ ಪರಕೀಯವಲ್ಲ. ಅಳಿವೆಯಲ್ಲಿ ಸಿಹಿನೀರು ಕಡಿಮೆಯಾದರೆ ಉಪ್ಪು ಒಳಗೆ ಬರುತ್ತದೆ, ಮೀನು ಹೋಗುತ್ತದೆ, ಕಾಡು ಒಣಗುತ್ತದೆ. ಉಳ್ಳಾಲದ ಅಳಿವೆಯ ಬಳಿ ನಿಂತು ಇದೇ ಮಾತನ್ನು ನಾನು ಮಕ್ಕಳಿಗೆ ಹೇಳಿದ್ದೇನೆ.

ಗುಡ್ಡದ ಅರ್ಧದವರೆಗೆ ಹತ್ತಿ ನಿಂತೆವು. ಕೆಳಗೆ ಕಾಲುವೆಯ ಗೆರೆ ಕಾಣುತ್ತಿತ್ತು. ಎಲ್ಲಿಯವರೆಗೆ ನೀರು ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂದು ಅವರು ಕೈಚಾಚಿ ತೋರಿಸಿದರು. ಕರಾವಳಿಯ ಹೊಳೆಗಳ ಮಾತು ಮತ್ತೆ ಬಂತು. ಅವರ ಹೊಲಕ್ಕೆ ನೀರು ಬೇಕೇ ಬೇಕು ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ನಮ್ಮ ಹೊಳೆಗಳು ಕಡಲು ಸೇರಲೇಬೇಕು ಎಂಬುದರಲ್ಲೂ ಇಲ್ಲ. ನೀರು ಸುಮ್ಮನೆ ಕಡಲಿಗೆ ಹೋಗಿ ವ್ಯರ್ಥವಾಗುತ್ತದೆ ಎಂಬ ಮಾತನ್ನು ಈ ಕಡೆ ಎಲ್ಲರೂ ಆಡುತ್ತಾರೆ. ಬಯಲುಸೀಮೆಯವರಿಗೆ ನೀರು ಬಳಸಲು ಬರುವುದಿಲ್ಲ, ಕಬ್ಬು ಹಾಕಿ ಮುಗಿಸುತ್ತಾರೆ ಎಂಬ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ಇಬ್ಬರೂ ಇನ್ನೊಬ್ಬರ ಅಂಗಳದಲ್ಲಿ ಒಂದು ಬೇಸಿಗೆ ಕಳೆದು ಆಮೇಲೆ ಮಾತಾಡಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಕಾಲುವೆಯ ತುದಿಯ ಹೊಲಕ್ಕೆ ಈಗಿರುವ ನೀರೇ ಏಕೆ ಮುಟ್ಟುವುದಿಲ್ಲ, ಮೇಲಿನವರು ಎಷ್ಟು ಎಳೆಯುತ್ತಾರೆ, ನಾಗಕುಂಡದಂಥ ಎಷ್ಟು ಬಾವಿಗಳಲ್ಲಿ ಹೂಳು ತುಂಬಿದೆ ಎಂಬುದನ್ನೂ ಆ ಮಾತಿನಲ್ಲಿ ಸೇರಿಸಬೇಕು.

ಬಸ್ಸು ಹತ್ತಿಸುವಾಗ ರೈತರು ಒಂದು ಚೀಲ ಕೈಗಿತ್ತರು. ಜೋಳದ ಹಿಟ್ಟು, ಕೆಂಪಿಂಡಿ, ಹುರಿಗಡಲೆ. ರೋಣದಲ್ಲಿ ಚಹಾ ತಂದ ಹೆಂಗಸಿನ ಮಗನಿಗೆ ಮಂಗಳೂರಿನಲ್ಲಿ ಕೊಡಲೆಂದು ಇನ್ನೊಂದು ಗಂಟು. ಬಂದ ವಾರವೇ ಅವನನ್ನು ಹುಡುಕಿದೆ, ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿದ್ದ. ಗಂಟು ಬಿಚ್ಚಿ, ರೊಟ್ಟಿಯೊಂದನ್ನು ಅಲ್ಲೇ ಮುರಿದು ಜೊತೆಯವರಿಗೆಲ್ಲ ಹಂಚಿದ. ನಮ್ಮೂರಿನ ಮನೆಗಳನ್ನು ಕಟ್ಟುತ್ತಿರುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆಯವರೇ ಎಷ್ಟೊಂದು ಜನ.

ಹೋದ ಬುಧವಾರ ನಮ್ಮ ವಾರ್ಡಿನ ಬೈಬಲ್ ಸ್ಟಡಿಯ ಸರದಿ ನನ್ನದಾಗಿತ್ತು. 26ನೇ ಅಧ್ಯಾಯವನ್ನೇ ತೆಗೆದೆ, ಔತಣದವರೆಗೂ ಓದಿಸಿದೆ. ರೋಣದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಮುಂದಿಟ್ಟೆ. ಗಲಾಟೆಯೇ ಆಯಿತು. ನೇತ್ರಾವತಿ ಹೋರಾಟದಲ್ಲಿ ಮೊದಲಿನಿಂದ ಇರುವ ಹಿರಿಯರೊಬ್ಬರು, ಇದು ಸಭೆಯಲ್ಲಿ ಎತ್ತುವ ವಿಷಯವಲ್ಲ ಎಂದರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ಇನ್ನೆಲ್ಲಿ ಎತ್ತಬೇಕು ಅಂಕಲ್ ಎಂದು ಕೇಳಿದಳು. ಕೊನೆಗೆ ಆ ಹಿರಿಯರೇ, ಮುಂದಿನ ಸಲ ಎತ್ತಿನಹೊಳೆಯ ಕಾಗದಪತ್ರ ತರುತ್ತೇನೆ, ಅವರನ್ನೂ ಫೋನಿನಲ್ಲಿ ಮಾತಾಡಿಸಿ, ಎದುರಾಬದುರು ಕೇಳೋಣ ಎಂದು ಎದ್ದರು.

ರಾತ್ರಿಯೇ ನರಗುಂದಕ್ಕೆ ಫೋನು ಮಾಡಿದೆ. ರೈತರಿಗೆ ಖುಷಿಯಾಯಿತು. ತಮ್ಮ ಗೆಳೆಯರನ್ನೂ ಕೂರಿಸಿಕೊಳ್ಳುತ್ತೇನೆ ಎಂದರು. ದಿನ ಮಾತ್ರ ಅವರೇ ಹೇಳಬೇಕಂತೆ, ಹೊಲದಲ್ಲಿ ಜೋಳ ಬಲಿತು ನಿಂತಿದೆ. "ರಾಶಿ ಮುಗೀಲ್ರಿ ಅಕ್ಕೋರ, ಆಮ್ಯಾಲ ಬೇಕಾದಷ್ಟು ಮಾತಾಡೂಣು."